ಪಿಯುಸಿಯಲ್ಲಿ 97 ಬಂದರೂ ರ‍್ಯಾಂಕ್ ಯಾಕೆ ಹಿಂದೆ?

ಪ್ರಶ್ನೆ: ನನ್ನ ಮಗಳಿಗೆ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್‌ನಲ್ಲಿ 97 ಪರ್ಸೆಂಟ್. ಎದುರು ಮನೆ ಹುಡುಗನಿಗೆ 80. ಆದರೂ ಸಿಇಟಿ ರ‍್ಯಾಂಕಿನಲ್ಲಿ ಅವನೇ ಮುಂದೆ. ಪಿಯುಸಿ ಅಂಕಕ್ಕೂ ಅರ್ಧ ಬೆಲೆ ಇದೆ ಅಂತಾರಲ್ಲ, ಇದು ಯಾವ ನ್ಯಾಯ?

ಮೊದಲು ಲೆಕ್ಕ ಹಾಕಿಬಿಡೋಣ. ಎಂಜಿನಿಯರಿಂಗ್ ರ‍್ಯಾಂಕಿಗೆ ಈ ಮೂರು ವಿಷಯಗಳ ಪಿಯುಸಿ ಅಂಕ ಅರ್ಧ, 180 ಅಂಕದ ಸಿಇಟಿ ಅರ್ಧ. ನಿಮ್ಮ ಮಗಳಿಗೆ ಸಿಇಟಿಯಲ್ಲಿ 72 ಬಂದಿದೆ ಅಂದುಕೊಳ್ಳಿ. ಅಂದರೆ 40 ಪರ್ಸೆಂಟ್. ಪಿಯುಸಿಯಿಂದ 48.5, ಸಿಇಟಿಯಿಂದ 20, ಒಟ್ಟು 68.5. ಆ ಹುಡುಗ ಸಿಇಟಿಯಲ್ಲಿ 108 ತೆಗೆದಿದ್ದರೆ ಅವನಿಗೆ 40 ಮತ್ತು 30, ಒಟ್ಟು 70. ಅವನು ಮುಂದೆ.

ಇಲ್ಲೊಂದು ಕಣ್ಣಿಗೆ ಬೀಳದ ಸಂಗತಿ ಇದೆ. ಹೆಸರಿಗೆ ಅರ್ಧ-ಅರ್ಧ, ನಡೆಯುವುದು ಹಾಗಲ್ಲ. ಒಳ್ಳೆಯ ಸೀಟಿಗೆ ಪೈಪೋಟಿ ನಡೆಸುವವರ ಪಿಯುಸಿ ಅಂಕ ಹೆಚ್ಚಾಗಿ 80ರಿಂದ 98ರ ನಡುವೆ ಗುಂಪಾಗಿರುತ್ತದೆ. ಸಿಇಟಿ ಅಂಕ ಮಾತ್ರ ಮೇಲಿಂದ ಕೆಳಗಿನವರೆಗೆ ಹರಡಿಕೊಂಡಿರುತ್ತದೆ. ಎಲ್ಲರಿಗೂ ಹತ್ತಿರ ಹತ್ತಿರ ಇರುವ ಅಂಕ ಯಾರನ್ನೂ ಬೇರೆ ಮಾಡುವುದಿಲ್ಲ, ಅಲ್ವಾ? ಹಾಗಾಗಿ ರ‍್ಯಾಂಕನ್ನು ಜಾಸ್ತಿ ಎಳೆದಾಡುವುದು ಸಿಇಟಿಯೇ.

ಹಾಗಿದ್ದರೆ ಪಿಯುಸಿ ಅಂಕ ಸುಮ್ನೆ ಇದೆಯೇ? ಇಲ್ಲ. ಸಿಇಟಿ ನೋಡುವುದು ಒಂದೊಂದು ವಿಷಯದಲ್ಲೂ 80 ನಿಮಿಷದಲ್ಲಿ 60 ಪ್ರಶ್ನೆಗೆ ಸರಿಯುತ್ತರ ಗುರುತಿಸುವ ಚುರುಕನ್ನು. ಪಿಯುಸಿ ನೋಡುವುದು ವರ್ಷವಿಡೀ ಕೂತು ಓದಿ, ಬರೆದು ವಿವರಿಸುವ ಅಭ್ಯಾಸವನ್ನು. ನಾಲ್ಕು ವರ್ಷದ ಕಾಲೇಜಿಗೆ ಎರಡೂ ಬೇಕು.

“ರ‍್ಯಾಂಕಿಗೂ ಎಂಜಿನಿಯರಿಂಗ್ ಕಾಲೇಜಿನ ಅಂಕಕ್ಕೂ ಸಂಬಂಧವೇ ಇಲ್ಲ” ಎಂದು ಮೇಷ್ಟ್ರುಗಳು ಹೇಳುವುದುಂಟು. ಅದನ್ನು ಅಷ್ಟು ಸುಲಭಕ್ಕೆ ಒಪ್ಪಬೇಡಿ. ಮಂಡಿಯಲ್ಲಿ ದಪ್ಪ ತೆಂಗಿನಕಾಯಿಗಳನ್ನಷ್ಟೇ ಆರಿಸಿ ಒಂದು ಚೀಲಕ್ಕೆ ತುಂಬಿದ ಮೇಲೆ, ಆ ಚೀಲದೊಳಗೆ ಗಾತ್ರ ನೋಡಿ ಕೊಬ್ಬರಿ ಎಷ್ಟಿದೆ ಅಂತ ಹೇಳಲಾಗದು. ಹಾಗಂತ ಗಾತ್ರಕ್ಕೆ ಅರ್ಥವಿಲ್ಲ ಅಂತಲ್ಲ. ಒಂದು ಕಾಲೇಜಿನ ಒಂದು ಬ್ರಾಂಚಿಗೆ ಸೇರುವವರ ರ‍್ಯಾಂಕುಗಳೂ ಹೀಗೇ ಹತ್ತಿರ ಹತ್ತಿರ ಇರುತ್ತವೆ, ಅದಕ್ಕೇ ಅಲ್ಲಿ ಸಂಬಂಧ ಕಣ್ಣಿಗೆ ಬೀಳುವುದಿಲ್ಲ.

ಎರಡು ಅಳತೆಗಳನ್ನು ಬೆರೆಸುವುದು ಮಾತ್ರ ತಲೆನೋವಿನ ಕೆಲಸ. ಎನ್‌ಐಟಿಯಂಥ ಕಾಲೇಜುಗಳಿಗೆ ದೇಶಮಟ್ಟದಲ್ಲಿ ನಡೆಯುವ ಜೆಇಇ ಮೇನ್‌ನಲ್ಲೂ 2013ರಿಂದ 2016ರವರೆಗೆ 12ನೇ ತರಗತಿ ಅಂಕಕ್ಕೆ ಶೇ 40 ಪಾಲಿತ್ತು. ಒಂದೊಂದು ಬೋರ್ಡ್ ಒಂದೊಂದು ರೀತಿ ಅಂಕ ಕೊಡುವುದರಿಂದ ಅವನ್ನು ಸರಿದೂಗಿಸಬೇಕಿತ್ತು. 2017ರಿಂದ ಆ ಪಾಲನ್ನೇ ಕೈಬಿಟ್ಟರು.

ನಮ್ಮಲ್ಲಿ ಈ ತೊಡಕು ಕೋರ್ಟ್ ಮೆಟ್ಟಿಲು ಹತ್ತಿತು. ಕೋವಿಡ್‌ನಿಂದಾಗಿ 2021ರಲ್ಲಿ ದ್ವಿತೀಯ ಪಿಯು ಪರೀಕ್ಷೆ ನಡೆಯಲಿಲ್ಲ. ಹಿಂದಿನ ತರಗತಿಗಳ ಅಂಕ ನೋಡಿ ಫಲಿತಾಂಶ ಕೊಟ್ಟರು. ಎಲ್ಲರೂ ಪಾಸ್, 2,239 ಮಂದಿಗೆ 600ಕ್ಕೆ 600! ಆ ವರ್ಷ ಸಿಇಟಿಯೊಂದನ್ನೇ ನೋಡಿ ರ‍್ಯಾಂಕ್ ಕೊಟ್ಟಿದ್ದರಿಂದ ಗೊಂದಲವಾಗಲಿಲ್ಲ. 2022ರಲ್ಲಿ ಅವರಲ್ಲಿ ಸುಮಾರು 24,000 ಮಂದಿ ಮತ್ತೆ ಸಿಇಟಿ ಬರೆದರು. ಹೊಸಬರಿಗೆ ಅರ್ಧ-ಅರ್ಧ ಲೆಕ್ಕ, ಇವರಿಗೆ ಮಾತ್ರ ಸಿಇಟಿ ಅಂಕ ಸಾಕು ಎಂದಿತು ಪರೀಕ್ಷಾ ಪ್ರಾಧಿಕಾರ. ಇವರು ಹೈಕೋರ್ಟಿಗೆ ಹೋದರು. ಕೊನೆಗೆ ಇವರ ಪಿಯು ಅಂಕದಲ್ಲಿ ವಿಷಯಕ್ಕೆ ಸರಾಸರಿ 6 ಅಂಕ ಕಳೆದು ಉಳಿದದ್ದನ್ನು ಸೇರಿಸುವುದು ಎಂದಾಯಿತು. ನನಗಂತೂ ಆ ಕಡಿತ ಸರಿ ಅನ್ನಿಸಿತು. ಪರೀಕ್ಷೆ ಬರೆದು ಬಂದ 90ಕ್ಕೂ ಬರೆಯದೇ ಬಂದ 90ಕ್ಕೂ ಒಂದೇ ತೂಕ ಕೊಡುವುದು ಹೇಗೆ?

ನನ್ನ ಕಣ್ಣಿಗೆ ನೀವು ಕೇಳಿದ್ದಕ್ಕಿಂತ ದೊಡ್ಡ ಅನ್ಯಾಯ ಇರುವುದು ಕೋಚಿಂಗಿನಲ್ಲಿ. ಸಿಇಟಿಯ ಚುರುಕು ದುಡ್ಡು ಕೊಟ್ಟರೆ ಸಿಗುವ ತರಬೇತಿಯಿಂದ ಬೆಳೆಯುತ್ತದೆ. ಊರ ಕಾಲೇಜಿನ ಹುಡುಗಿಗೆ ಅದು ಎಲ್ಲಿಂದ ಬರಬೇಕು? ಇದನ್ನು ಸ್ವಲ್ಪವಾದರೂ ಸರಿದೂಗಿಸಲೆಂದೇ ಶೇ 15 ಗ್ರಾಮೀಣ, ಶೇ 5 ಕನ್ನಡ ಮಾಧ್ಯಮ ಮೀಸಲಾತಿ ಇದೆ. ಮಗಳು ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ, ಅರ್ಜಿಯಲ್ಲಿ ಅದನ್ನು ನಮೂದಿಸಿದ್ದೀರಾ ನೋಡಿಕೊಳ್ಳಿ.

ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಕಾಲೇಜುಗಳ ಪಟ್ಟಿ ಕೊಡುವಾಗ, ನಿಜಕ್ಕೂ ಬೇಕಾದ ಕಾಲೇಜನ್ನೇ ಮೊದಲು ಹಾಕಿ. ಅದು ಸಿಗದಿದ್ದರೆ ಎರಡನೆಯದನ್ನು ನೋಡುತ್ತಾರೆ, ಆಸೆಪಟ್ಟಿದ್ದಕ್ಕೆ ದಂಡವಿಲ್ಲ. ಅಣಕು ಸೀಟು ಹಂಚಿಕೆ (ನಿಜವಾದ ಹಂಚಿಕೆಗೆ ಮುಂಚಿನ ಪ್ರಯೋಗ) ಬಂದ ಮೇಲೆ ಪಟ್ಟಿ ಬದಲಿಸಲೂಬಹುದು.