ಹೆಪ್ಪು ಹುಡುಕುವ ಪರೀಕ್ಷೆ: ಪ್ರಿಯಾನ್ ಕಾಯಿಲೆಯನ್ನು ಬದುಕಿದ್ದಾಗಲೇ ಗುರುತಿಸಲು ಕಲಿತ ಬಗೆ

ಅರವತ್ತು ದಾಟಿದವರೊಬ್ಬರು ಮನೆ ಲೆಕ್ಕದಲ್ಲಿ ತಪ್ಪಲು ಶುರುಮಾಡುತ್ತಾರೆ. ಕೆಲವೇ ವಾರಗಳಲ್ಲಿ ನಡಿಗೆ ತೂರಾಡುತ್ತದೆ, ಬಾಗಿಲು ಧಡಾರೆಂದರೆ ಮೈಯೆಲ್ಲ ಬೆಚ್ಚುತ್ತದೆ, ಕೈಕಾಲು ತಾನಾಗಿ ಜಗ್ಗುತ್ತದೆ. ಸುಮಾರು ಐದು ತಿಂಗಳಲ್ಲಿ, ಹಲವರಲ್ಲಿ ಅದಕ್ಕೂ ಮೊದಲೇ, ಸಾವು. ಇದು ಕ್ರೂಟ್ಸ್‌ಫೆಲ್ಟ್-ಯಾಕೊಬ್ ಕಾಯಿಲೆ, ಚುಟುಕಾಗಿ ಸಿಜೆಡಿ. ವರ್ಷಕ್ಕೆ ದಶಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಬರುತ್ತದೆ. ನೂರರಲ್ಲಿ 85ರಷ್ಟು ಪ್ರಕರಣಗಳಿಗೆ ಕಾರಣವೇ ಸಿಗುವುದಿಲ್ಲ. ಉಳಿದವು ಬಹುತೇಕ ವಂಶವಾಹಿ ದೋಷದಿಂದ ಬಂದವು.

ವೈದ್ಯರ ತೊಡಕು ಅಪರೂಪತನ ಮಾತ್ರವಲ್ಲ. ಸೋಂಕು ಹಿಡಿಯಲು ಪ್ರಯೋಗಾಲಯ ಬಳಸುವ ಉಪಕರಣಗಳೆಲ್ಲ ಇಲ್ಲಿ ಕೈಕೊಡುತ್ತವೆ. ಪ್ರಿಯಾನ್ ಎಂದರೆ ನಮ್ಮದೇ ಮಿದುಳಿನ ಪಿಆರ್‌ಪಿ ಎಂಬ ಪ್ರೋಟೀನು ತಪ್ಪಾಗಿ ಮಡಚಿಕೊಂಡ ರೂಪ. ಅದರದೇ ಆದ ಡಿಎನ್‌ಎ, ಆರ್‌ಎನ್‌ಎ ಇಲ್ಲ, ಹಾಗಾಗಿ ಅವುಗಳನ್ನು ಹುಡುಕುವ ಪಿಸಿಆರ್ ಪರೀಕ್ಷೆ ಮಾಡಲಾಗದು. ದೇಹ ಅದನ್ನು ಪರಕೀಯವೆಂದು ಎಣಿಸುವುದಿಲ್ಲ, ಹಾಗಾಗಿ ಪ್ರತಿಕಾಯ ಹುಡುಕಿ ಪ್ರಯೋಜನವಿಲ್ಲ. ಜ್ವರವೂ ಬರುವುದಿಲ್ಲ.

ಕ್ರೂಟ್ಸ್‌ಫೆಲ್ಟ್ 1920ರಲ್ಲಿ, ಯಾಕೊಬ್ 1921ರಲ್ಲಿ ವರದಿ ಮಾಡಿದ ಮೇಲೆ ದಶಕಗಳ ಕಾಲ ಈ ಕಾಯಿಲೆ ಖಚಿತವಾಗುತ್ತಿದ್ದುದು ಸತ್ತ ಮೇಲೆಯೇ, ಸೂಕ್ಷ್ಮದರ್ಶಕದಡಿ ಸ್ಪಂಜಿನಂತೆ ತೂತುಬಿದ್ದ ಮಿದುಳನ್ನು ಕಂಡಾಗ. ಪಪುವಾ ನ್ಯೂಗಿನಿಯ ಫೋರೆ ಜನರ ಕುರು ಕಾಯಿಲೆಗೂ ಕುರಿಗಳ ಸ್ಕ್ರೇಪಿಗೂ ಇರುವ ಹೋಲಿಕೆಯನ್ನು 1959ರಲ್ಲಿ ಪಶುವೈದ್ಯ ವಿಲಿಯಂ ಹ್ಯಾಡ್ಲೊ ತೋರಿಸಿಕೊಟ್ಟರು. ಅಮೆರಿಕದ ವಿಜ್ಞಾನಿ ಗಾಜ್ಡುಸೆಕ್ ತಂಡ 1966ರಲ್ಲಿ ಕುರುವನ್ನು, 1968ರಲ್ಲಿ ಸಿಜೆಡಿಯನ್ನು ಚಿಂಪಾಂಜಿಗಳಿಗೆ ದಾಟಿಸಿ, ಇದು ಹರಡಬಲ್ಲದು ಎಂದು ಸಾಬೀತು ಮಾಡಿತು. ‘ಪ್ರಿಯಾನ್’ ಎಂಬ ಹೆಸರನ್ನು ಸ್ಟ್ಯಾನ್ಲಿ ಪ್ರೂಸಿನರ್ ಕೊಟ್ಟದ್ದು 1982ರಲ್ಲಿ. ಇವೆಲ್ಲ ವಿಜ್ಞಾನಕ್ಕೆ ದೊಡ್ಡ ಹೆಜ್ಜೆಗಳೇ, ಆದರೆ ಹಾಸಿಗೆಯ ಪಕ್ಕ ನಿಂತ ವೈದ್ಯರಿಗೆ ದಕ್ಕಿದ್ದು ಕಡಿಮೆ. ಅವರ ಕೈಯಲ್ಲಿದ್ದುದು ಮಿದುಳಿನ ವಿದ್ಯುತ್ ಅಲೆಗಳನ್ನು ಬರೆದಿಡುವ ಇಇಜಿ. ಸೆಕೆಂಡಿಗೊಂದರಂತೆ ಗಡಿಯಾರದ ಮಿಡಿತದ ಹಾಗೆ ಚೂಪು ಅಲೆಗಳು ಕಂಡರೆ ಸಿಜೆಡಿಯ ಅನುಮಾನ ಗಟ್ಟಿಯಾಗುತ್ತಿತ್ತು. ಆದರೆ ಸುಮಾರು ಮೂರನೇ ಒಂದು ಭಾಗ ರೋಗಿಗಳಲ್ಲಿ ಅವು ಕಾಣಿಸುವುದೇ ಇಲ್ಲ.

1996ರಲ್ಲಿ ಬೆನ್ನುನೀರಿನಲ್ಲಿ (ಮಿದುಳು, ಬೆನ್ನುಹುರಿಗಳನ್ನು ಸುತ್ತುವರಿದ ದ್ರವ) 14-3-3 ಎಂಬ ಪ್ರೋಟೀನು ಗುರುತಾಗಿ ಹೊರಬಂತು. 1998ರ ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಲ್ಲಿ ಜಾಗವನ್ನೂ ಪಡೆಯಿತು. ಅದರ ಮಿತಿ ಹುಟ್ಟಿನಿಂದಲೇ ಬಂದದ್ದು. ನರಕೋಶಗಳು ಬೇಗಬೇಗ ಸಾಯುವಾಗ ಸೋರುವ ಪ್ರೋಟೀನು ಅದು. ಪಾರ್ಶ್ವವಾಯು, ಮಿದುಳುಜ್ವರ, ಬಿಡದ ಫಿಟ್ಸ್, ಯಾವುದಾದರೂ ಅದನ್ನು ಏರಿಸಬಲ್ಲದು. ಹೊಗೆ ಕಾಣುತ್ತದೆ, ಬೆಂಕಿ ಯಾವ ಮನೆಯದೆಂದು ಗೊತ್ತಾಗುವುದಿಲ್ಲ. ದೇಹದ ಪ್ರತಿಕಾಯಗಳೇ (ಎಲ್‌ಜಿಐ1 ಪ್ರತಿಕಾಯದಂಥವು) ಮಿದುಳಿನ ಮೇಲೆರಗುವ ಸ್ವಯಂ-ಪ್ರತಿರಕ್ಷಣಾ ಮಿದುಳುರಿತವೂ ಸಿಜೆಡಿಯ ವೇಷ ತೊಟ್ಟು ಬರುತ್ತದೆ. ಅದಕ್ಕೆ ಚಿಕಿತ್ಸೆಯಿದೆ. ಹಾಗಾಗಿ ‘ಸಿಜೆಡಿ’ ಎಂದು ಅವಸರದಲ್ಲಿ ಬರೆದುಬಿಡುವುದೇ ಈ ಕ್ಷೇತ್ರದ ಅತಿ ದುಬಾರಿ ತಪ್ಪು.

ಎಂಆರ್‌ಐ ಹೆಚ್ಚು ನೆರವಾಯಿತು, ಡಿಡಬ್ಲ್ಯುಐ ಎಂಬ ಸರಣಿಯನ್ನು ತೆಗೆಸಿದರೆ ಮಾತ್ರ. ಮಿದುಳಿನ ಹೊರಪದರ ಬಿಳಿ ರಿಬ್ಬನ್ನಿನಂತೆ ಹೊಳೆಯುತ್ತದೆ, ಒಳಗಿನ ಕಾಡೇಟ್ ಮತ್ತು ಪ್ಯುಟಾಮೆನ್ ಭಾಗಗಳೂ ಬೆಳಗುತ್ತವೆ. ಮಾಮೂಲಿ ಸ್ಕ್ಯಾನಿನಲ್ಲಿ ಇದು ಸುಲಭವಾಗಿ ತಪ್ಪಿಹೋಗುತ್ತದೆ.

ಪ್ರಿಯಾನನ್ನೇ ನೇರವಾಗಿ ಹಿಡಿಯುವ ದಾರಿ ತೆರೆದದ್ದು ಅದರದೇ ಗುಣದಿಂದ. ಹಾಲಿಗೆ ಬಿದ್ದ ತೊಟ್ಟು ಹೆಪ್ಪು ಪಾತ್ರೆಯನ್ನೆಲ್ಲ ಮೊಸರು ಮಾಡುವಂತೆ, ತಪ್ಪಾಗಿ ಮಡಚಿದ ಪಿಆರ್‌ಪಿ ಸರಿಯಾದದ್ದನ್ನೂ ತನ್ನ ರೂಪಕ್ಕೆ ತಿರುಗಿಸುತ್ತದೆ. ಹಾಗಾದರೆ ಪ್ರಯೋಗಾಲಯದಲ್ಲಿ ‘ಹಾಲು’ ಇಟ್ಟು, ರೋಗಿಯ ದ್ರವದಲ್ಲಿ ಹೆಪ್ಪು ಇದೆಯೇ ಎಂದು ನೋಡಬಹುದಲ್ಲ? ಕ್ಲಾಡಿಯೊ ಸೊಟೊ ಗುಂಪು 2001ರಲ್ಲಿ ಪಿಎಂಸಿಎ ವಿಧಾನದಿಂದ ಇದನ್ನು ಮಾಡಿ ತೋರಿಸಿತು. ಅಲ್ಲಿ ಒಟ್ಟುಗೂಡಿದ ಪ್ರೋಟೀನಿನ ಮುದ್ದೆಗಳನ್ನು ಒಡೆಯಲು ಶ್ರವಣಾತೀತ ಶಬ್ದ ಬೇಕು. ಅದರ ಬದಲು ಬರಿಯ ಅಲುಗಾಟ ಸಾಕು ಎಂದು ತೋರಿಸಿದ ಆರ್‌ಟಿ-ಕ್ವಿಕ್ ಪರೀಕ್ಷೆ 2010ರಲ್ಲಿ ರೂಪ ತಳೆಯಿತು. 2011ರಲ್ಲಿ ಮನುಷ್ಯರ ಬೆನ್ನುನೀರಿಗೆ ಅನ್ವಯವಾಯಿತು.

2015ರಲ್ಲಿ ಬಂದ ಎರಡನೇ ಪೀಳಿಗೆಯ ಪರೀಕ್ಷೆ ನಡೆಯುವುದು ಅಳಗುಳಿಮಣೆಯಂಥ 96 ಗುಳಿಗಳ ಪ್ಲೇಟಿನಲ್ಲಿ. ಪ್ರತಿ ಗುಳಿಗೆ 80 ಮೈಕ್ರೊಲೀಟರ್ ಮಿಶ್ರಣ. ಅದರಲ್ಲಿ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಹ್ಯಾಮ್‌ಸ್ಟರಿನ ಮೊಟಕು ಪಿಆರ್‌ಪಿ (ನಮ್ಮ ‘ಹಾಲು’), ಉಪ್ಪು, ಶೇ 0.002ರಷ್ಟು ಎಸ್‌ಡಿಎಸ್ ಮಾರ್ಜಕ, ಥಯೊಫ್ಲೇವಿನ್-ಟಿ ಎಂಬ ಬಣ್ಣ. ಮೇಲೆ 20 ಮೈಕ್ರೊಲೀಟರ್ ಬೆನ್ನುನೀರು. ಒಬ್ಬ ರೋಗಿಗೆ ನಾಲ್ಕು ಗುಳಿ. ಯಂತ್ರ 55 ಡಿಗ್ರಿಯಲ್ಲಿ ಒಂದು ನಿಮಿಷ ಅಲುಗಿಸಿ ಒಂದು ನಿಮಿಷ ಸುಮ್ಮನಿರುತ್ತದೆ. ಎಳೆಗಟ್ಟಿದ ಪ್ರೋಟೀನಿಗೆ ಬಣ್ಣ ಅಂಟಿದಾಗ ಹೊಳಪೇರುತ್ತದೆ. ನಾಲ್ಕರಲ್ಲಿ ಎರಡು ಗುಳಿ ಗೆರೆ ದಾಟಿದರೆ ಪಾಸಿಟಿವ್. ಹಳೆಯ ವಿಧಾನಕ್ಕೆ ಎರಡೂವರೆಯಿಂದ ಐದು ದಿನ ಬೇಕಿತ್ತು. ಇದರಲ್ಲಿ 4ರಿಂದ 14 ಗಂಟೆಯಲ್ಲಿ ಉತ್ತರ ಬರುತ್ತದೆ. ಆ ಅಧ್ಯಯನದಲ್ಲಿ ಶೇ 95ಕ್ಕೂ ಹೆಚ್ಚು ರೋಗಿಗಳು ಸಿಕ್ಕಿಬಿದ್ದರು. ಸುಳ್ಳು ಪಾಸಿಟಿವ್ ತೀರಾ ವಿರಳ.

ಕೆಡುವುದು ಎಲ್ಲಿ? ಮೊದಲನೆಯದು ಸೂಜಿ ಚುಚ್ಚುವಾಗಲೇ. ಬೆನ್ನುನೀರಿಗೆ ರಕ್ತ ಬೆರೆತರೆ ಅದು ಪಿಆರ್‌ಪಿ ಎಳೆಗಟ್ಟುವುದನ್ನೇ ತಡೆದು ಸುಳ್ಳು ನೆಗೆಟಿವ್ ಕೊಡುತ್ತದೆ. ಮೈಕ್ರೊಲೀಟರಿಗೆ 1250ಕ್ಕಿಂತ ಹೆಚ್ಚು ಕೆಂಪುಕಣ ಇದ್ದರೆ ಮಾದರಿ ನಂಬಲರ್ಹವಲ್ಲ. ಹಾಗಾಗಿ ಮೊದಲ ತೊಟ್ಟುಗಳನ್ನು ಬೇರೆ ಪರೀಕ್ಷೆಗೆ ಬಿಟ್ಟು, ನಂತರ ಬರುವ ತಿಳಿನೀರನ್ನು ಇದಕ್ಕೆ ಎತ್ತಿಡುವುದು ಒಳ್ಳೆಯದು. ಪ್ರೋಟೀನು ಅಥವಾ ಬಿಳಿಕಣ ಏರಿದ್ದರೂ ಮಾದರಿಯನ್ನು ನಂಬಲಾಗದು. ಎರಡನೆಯದು ಕಾಲಮಿತಿ. ಹೊತ್ತು ಮೀರಿ ಇಟ್ಟ ಹಾಲು ಹೆಪ್ಪಿಲ್ಲದೆಯೂ ಒಡೆಯುವಂತೆ, ಈ ಪಿಆರ್‌ಪಿಯೂ ತಾನಾಗಿ ಎಳೆಗಟ್ಟಬಲ್ಲದು. ಆದ್ದರಿಂದ ಪ್ರತಿ ಬ್ಯಾಚಿಗೂ ಕಂಟ್ರೋಲ್ (ಕಾಯಿಲೆ ಇದೆ ಅಥವಾ ಇಲ್ಲ ಎಂದು ಮೊದಲೇ ಗೊತ್ತಿರುವ ಮಾದರಿ) ಓಡಿಸಿ ಇಷ್ಟು ಗಂಟೆಗೆ ನಿಲ್ಲಿಸಬೇಕೆಂದು ಗೊತ್ತುಮಾಡುತ್ತಾರೆ. ಮೂರನೆಯದನ್ನು ಯಂತ್ರ ಸರಿಪಡಿಸಲಾರದು: ಮಾರಕ ವಂಶಪಾರಂಪರ್ಯ ನಿದ್ರಾಹೀನತೆಯಂಥ ರೂಪಗಳು ಹಲವು ಬಾರಿ ನೆಗೆಟಿವ್ ಬರುತ್ತವೆ. ನೆಗೆಟಿವ್ ಬಂತೆಂದು ಕಾಯಿಲೆ ಇಲ್ಲ ಅನ್ನಲಾಗದು.

ಬ್ರಿಟನ್ 2017ರಿಂದ ಈ ಪರೀಕ್ಷೆಯನ್ನು ಮಾನದಂಡಕ್ಕೆ ಸೇರಿಸಿತು. ಮುಂದುವರಿಯುತ್ತಿರುವ ನರ-ಮನೋರೋಗದ ಲಕ್ಷಣಗಳ ಜೊತೆ ಪಾಸಿಟಿವ್ ಬಂದರೆ ‘ಸಂಭವನೀಯ’ ಸಿಜೆಡಿ. ‘ಖಚಿತ’ ಎನ್ನಲು ಇಂದಿಗೂ ಮಿದುಳಿನ ಅಂಗಾಂಶವೇ ಬೇಕು.

ಎಣಿಕೆಯ ಕಥೆಗೂ ಬ್ರಿಟನ್ನೇ ಪಾಠ. ದನಗಳ ಪ್ರಿಯಾನ್ ಕಾಯಿಲೆಯಾದ ಹುಚ್ಚುಹಸು ಕಾಯಿಲೆಯ ಭಯದಿಂದ 1990ರ ಮೇ ತಿಂಗಳಲ್ಲಿ ಎಡಿನ್‌ಬರೊದಲ್ಲಿ ಕಣ್ಗಾವಲು ಘಟಕ ತೆರೆಯದಿದ್ದರೆ, 1996ರಲ್ಲಿ ಹತ್ತು ಯುವ ರೋಗಿಗಳು ಹಳೆಯ ಸಿಜೆಡಿಗಿಂತ ಬೇರೆ ಎಂದು ಯಾರಿಗೂ ಹೊಳೆಯುತ್ತಿರಲಿಲ್ಲ. ಆ ‘ವೇರಿಯಂಟ್’ ಸಿಜೆಡಿಗೆ ಅಲ್ಲಿ 178 ಮಂದಿ ಬಲಿಯಾದರು. ಆದರೆ 2013ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದಿಟ್ಟ 32,441 ಅಪೆಂಡಿಕ್ಸುಗಳ ಪೈಕಿ 16ರಲ್ಲಿ ಅಸಹಜ ಪಿಆರ್‌ಪಿ ಕಂಡಿತು. ಅಂದರೆ ಸುಮಾರು 2,000ಕ್ಕೆ ಒಬ್ಬರು. ಕಾಯಿಲೆ ಬಿದ್ದವರಿಗೂ ಹೊತ್ತು ತಿರುಗುತ್ತಿರಬಹುದಾದವರಿಗೂ ನಡುವಿನ ಈ ಅಂತರವೇ ರಕ್ತದಾನದ ನಿಯಮಗಳನ್ನು ಬಿಗಿಯಾಗಿ ಇಟ್ಟದ್ದು. ವಿಚಿತ್ರವೆಂದರೆ, ಬೆನ್ನುನೀರಿನ ಆರ್‌ಟಿ-ಕ್ವಿಕ್ ವೇರಿಯಂಟನ್ನು ಸಾಮಾನ್ಯವಾಗಿ ಹಿಡಿಯುವುದಿಲ್ಲ. ಹಳೆಯ ಪಿಎಂಸಿಎ ಹಿಡಿಯುತ್ತದೆ, ರಕ್ತದಲ್ಲೂ ಮೂತ್ರದಲ್ಲೂ.

ಭಾರತದಲ್ಲಿ ಲೆಕ್ಕ ಇಟ್ಟವರು ಬೆಂಗಳೂರಿನ ನಿಮ್ಹಾನ್ಸ್‌ನವರು. ಪಿ. ಸತೀಶ್ಚಂದ್ರ ಮತ್ತು ಎಸ್.ಕೆ. ಶಂಕರ್ 1991ರಲ್ಲಿ ಪ್ರಕಟಿಸಿದ ವರದಿಯಲ್ಲಿ 1971ರಿಂದ 1990ರವರೆಗಿನ 30 ಪ್ರಕರಣಗಳಿದ್ದವು. ಇಪ್ಪತ್ತು ವರ್ಷಕ್ಕೆ ಮೂವತ್ತು! ದಶಲಕ್ಷಕ್ಕೊಬ್ಬರ ಲೆಕ್ಕ ಹಿಡಿದರೆ ವರ್ಷಕ್ಕೇ ನೂರಾರು ಆಗಬೇಕು. ನಮ್ಮಲ್ಲಿ ಆಗ ವೃದ್ಧರ ಪ್ರಮಾಣ ಕಡಿಮೆ ಎಂದು ಕಳೆದರೂ ಅಂತರ ತುಂಬುವುದಿಲ್ಲ. ಕಾಯಿಲೆ ಕಡಿಮೆಯಿತ್ತು ಅನ್ನುವುದಕ್ಕಿಂತ, ‘ವಯಸ್ಸಾಯಿತು, ಅರಳುಮರಳು’ ಎಂದು ಮನೆಯಲ್ಲೇ ಮುಗಿದವರು ಹೆಚ್ಚು ಎಂಬುದೇ ಸರಿಯಾದ ವಿವರಣೆ. ಶವಪರೀಕ್ಷೆ ಒಪ್ಪದ ಮನೆಗಳ ನಡುವೆ ಆ ಮೂವತ್ತು ಸಿಕ್ಕಿದ್ದೇ ದೊಡ್ಡದು.

ಈಗ ಪ್ರಶ್ನೆ ಗುರುತಿಸುವುದರಿಂದ ಹಿಂಬಾಲಿಸುವುದಕ್ಕೆ ಸರಿದಿದೆ. ರೋಗಿ ಎಷ್ಟು ಕುಸಿದರೆಂದು ಅಳೆಯಲು ಲಂಡನ್ನಿನ ತಂಡ 2013ರಲ್ಲಿ 20 ಅಂಕಗಳ ಮಾಪನವನ್ನು ರೂಪಿಸಿತು. ಪಿಆರ್‌ಪಿಯ ಉತ್ಪಾದನೆಯನ್ನೇ ತಗ್ಗಿಸುವ ಔಷಧಿಗಳ ಪ್ರಯೋಗ ಮನುಷ್ಯರಲ್ಲಿ ಶುರುವಾಗಿದೆ. ಔಷಧಿ ಕೆಲಸ ಮಾಡಿತೇ ಎಂದು ತಿಳಿಯಲು ಬೆನ್ನುನೀರಿನ ಪಿಆರ್‌ಪಿ ಅಳೆಯಬೇಕು. ಇಲ್ಲೊಂದು ಸಣ್ಣ ಬಲೆ: ಪಿಆರ್‌ಪಿ ಪ್ಲಾಸ್ಟಿಕ್‌ಗೆ ಅಂಟಿಕೊಳ್ಳುತ್ತದೆ. ಟ್ಯೂಬಿನಿಂದ ಟ್ಯೂಬಿಗೆ ಸುರಿದಷ್ಟೂ ಅಳತೆ ಇಳಿಯುತ್ತದೆ, ನೋಡುವವರಿಗೆ ಔಷಧಿಯೇ ಇಳಿಸಿದಂತೆ ಕಾಣುತ್ತದೆ. ಅದಕ್ಕೇ ಈಗ ಶೇ 0.03ರಷ್ಟು ಚಾಪ್ಸ್ ಎಂಬ ಮಾರ್ಜಕವನ್ನು ಮಾದರಿಗೆ ಬೆರೆಸುತ್ತಾರೆ. ಒಂದೇ ಬಗೆಯ ಟ್ಯೂಬು, ಒಂದೇ ಪ್ರಮಾಣ, ಆದಷ್ಟು ಕಡಿಮೆ ಸುರಿದಾಟ.