ಸಮೀಕ್ಷೆಗೆ ಸಿಗದ ಕುಬೇರರು

2025ರಲ್ಲಿ ವಿಶ್ವಬ್ಯಾಂಕಿನ ಒಂದು ಅಂಕಿ ದೊಡ್ಡ ಸುದ್ದಿಯಾಯಿತು: 2022-23ರಲ್ಲಿ ಅಸಮಾನತೆ ಅಳೆಯುವ ಗಿನಿ ಸೂಚ್ಯಂಕ ಭಾರತದಲ್ಲಿ 25.5. ಇಲ್ಲಿ ಸೊನ್ನೆ ಎಂದರೆ ಎಲ್ಲರಿಗೂ ಸಮಪಾಲು, 100 ಎಂದರೆ ಎಲ್ಲವೂ ಒಬ್ಬರದೇ. ಭಾರತ ಅತ್ಯಂತ ಸಮಾನ ದೇಶಗಳ ಸಾಲಿಗೆ ಸೇರಿತೆಂದು ಹಲವರು ಬೀಗಿದರು. ಆದರೆ ಅದೇ 2022-23ಕ್ಕೆ ಅರ್ಥಶಾಸ್ತ್ರಜ್ಞ ಥಾಮಸ್ ಪಿಕೆಟ್ಟಿ ಮತ್ತು ಸಂಗಡಿಗರು ಹಾಕಿದ್ದ ಲೆಕ್ಕದಂತೆ, ಮೇಲಿನ ಶೇ 1ರಷ್ಟು ಮಂದಿಗೆ ದೇಶದ ಆದಾಯದಲ್ಲಿ ಶೇ 22.6, ಸಂಪತ್ತಿನಲ್ಲಿ ಶೇ 40.1 ಪಾಲು.

ಎರಡೂ ಲೆಕ್ಕಗಳು ಅಳೆದದ್ದು ಬೇರೆ ಬೇರೆ. 25.5 ಎಂಬುದು ಮನೆಖರ್ಚಿನ ಅಸಮಾನತೆ. ಆದಾಯ ನೂರು ಪಟ್ಟು ಹೆಚ್ಚಿದರೆ ಯಾರೂ ನೂರು ಪಟ್ಟು ಉಣ್ಣುವುದಿಲ್ಲ, ಮಿಕ್ಕದ್ದು ಉಳಿತಾಯವಾಗಿ ಆಸ್ತಿಗೆ ಸೇರುತ್ತದೆ. ಖರ್ಚಿನ ಗಿನಿಯನ್ನು ಬೇರೆ ದೇಶಗಳ ಆದಾಯದ ಗಿನಿಯ ಪಕ್ಕದಲ್ಲಿಟ್ಟು ಪದಕ ಹಂಚುವುದು ತಪ್ಪು.

ಹಾಗಾದರೆ ಆಸ್ತಿಯನ್ನೇ ಕೇಳಿ ಬರೆದುಕೊಂಡರಾಯಿತಲ್ಲ? 2019ರ ಅಖಿಲ ಭಾರತ ಸಾಲ ಮತ್ತು ಹೂಡಿಕೆ ಸಮೀಕ್ಷೆ ಮಾಡಿದ್ದು ಅದನ್ನೇ, 1,16,461 ಕುಟುಂಬಗಳಲ್ಲಿ. ದೇಶದಲ್ಲಿ ಸುಮಾರು 30 ಕೋಟಿ ಕುಟುಂಬಗಳಿವೆ ಎಂದುಕೊಂಡರೆ, 2,600 ಮನೆಗಳಿಗೆ ಒಂದು. ಫೋರ್ಬ್ಸ್‌ನ 2024ರ ಪಟ್ಟಿಯಲ್ಲಿ ಶತಕೋಟಿ ಡಾಲರ್ ದಾಟಿದ ಭಾರತೀಯರು 200 ಮಂದಿ. ಚೀಟಿ ಎತ್ತಿದಂತೆ ಮನೆಗಳನ್ನು ಆರಿಸಿದರೆ, ಅವರಲ್ಲಿ ಒಬ್ಬರೂ ಸಿಗದಿರುವ ಸಂಭವ ಶೇ 92ಕ್ಕೂ ಹೆಚ್ಚು. ಸಿಕ್ಕರೂ ಗೇಟು ದಾಟಿ ಒಳಹೋಗಬೇಕು, ಒಳಗಿದ್ದವರು ನಿಜ ಹೇಳಬೇಕು!

ಈ ಕೊರತೆ ತುಂಬಲು ನೆರವಾಗುವುದು ಇಟಲಿಯ ವಿಲ್ಫ್ರೆಡೊ ಪರೆಟೊ 19ನೇ ಶತಮಾನದ ಕೊನೆಯಲ್ಲಿ ಗುರುತಿಸಿದ ನಿಯಮ. ಶ್ರೀಮಂತಿಕೆಯ ಮೇಲ್ತುದಿಯಲ್ಲಿ, ಆಸ್ತಿಯ ಮಿತಿಯನ್ನು ಇಮ್ಮಡಿ ಮಾಡಿದಾಗಲೆಲ್ಲ ಅದರ ಮೇಲಿರುವವರ ಸಂಖ್ಯೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿಯುತ್ತದೆ. ಆ ಇಳಿತ ಎಷ್ಟು ಕಡಿದು ಎಂದು ಹೇಳುವ ಸಂಖ್ಯೆಯನ್ನು, ಅಂದರೆ ಘಾತವನ್ನು, ಕಂಡುಕೊಂಡು ಸಮೀಕ್ಷೆ ನಿಲ್ಲುವಲ್ಲಿಂದ ಶ್ರೀಮಂತರ ಪಟ್ಟಿಯವರೆಗೆ ಗೆರೆ ಎಳೆಯುತ್ತಾರೆ. ಎಡವಟ್ಟಾಗುವುದೂ ಇಲ್ಲಿಯೇ. ಘಾತ 1.5 ಆದರೆ 10 ಕೋಟಿಗಿಂತ ಮೇಲಿನವರ ಸರಾಸರಿ ಆಸ್ತಿ 30 ಕೋಟಿ. ಅದು 1.2 ಆದರೆ ಸರಾಸರಿ 60 ಕೋಟಿ. ಘಾತದಲ್ಲಿ 0.3ರ ವ್ಯತ್ಯಾಸಕ್ಕೆ ಅಂದಾಜು ಇಮ್ಮಡಿ! ಆದ್ದರಿಂದ 40.1ರಲ್ಲಿ ಆ ದಶಮಾಂಶವನ್ನು ನಾನಂತೂ ಅಷ್ಟು ಗಟ್ಟಿಯಾಗಿ ನಂಬುವುದಿಲ್ಲ. ಮೇಲ್ತುದಿ ಬಹಳ ಭಾರವಿದೆ ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ.

ವೇಗವಾಗಿ ಬೆಳೆಯುವ ಆರ್ಥಿಕತೆಯಲ್ಲಿ ಈ ಭಾರ ಇನ್ನೂ ಏರುತ್ತದೆ, ಏಕೆಂದರೆ ಷೇರುಪೇಟೆ ನಾಳಿನ ಲಾಭಕ್ಕೆ ಇಂದೇ ಬೆಲೆ ಕಟ್ಟುತ್ತದೆ. ವರ್ಷಕ್ಕೆ 300 ಕೋಟಿ ಲಾಭದ ಕಂಪನಿಗೆ ಪೇಟೆ 50 ಪಟ್ಟು ಬೆಲೆ ಕೊಟ್ಟರೆ ಅದರ ಮೌಲ್ಯ 15,000 ಕೋಟಿ. ಶೇ 60 ಷೇರು ಹಿಡಿದ ಪ್ರವರ್ತಕರದು 9,000 ಕೋಟಿ. ಮರುವರ್ಷ ಲಾಭ 60 ಕೋಟಿ ಏರಿದರೆ, ಅದೇ 50 ಪಟ್ಟಿನಲ್ಲಿ ಅವರ ಆಸ್ತಿ 1,800 ಕೋಟಿ ಏರುತ್ತದೆ. ಪಟ್ಟು 25ಕ್ಕೆ ಕುಸಿದರೆ ಅರ್ಧ ಕರಗುವುದೂ ಹೌದು. ಷೇರು ಮಾರುವವರೆಗೆ ಈ ಏರಿಕೆಗೆ ತೆರಿಗೆಯಿಲ್ಲ. ನಗದು ಬೇಕಾದರೆ ಷೇರು ಅಡವಿಟ್ಟು ಸಾಲ ಎತ್ತಬಹುದು. ಸಂಬಳಗಾರರ ತೆರಿಗೆಯೋ, ಹಣ ಕೈಸೇರುವ ಮೊದಲೇ ಕಡಿತವಾಗಿರುತ್ತದೆ.

ಸರ್ಕಾರದ ಬಳಿ ದಾಖಲೆಗಳಾದರೂ ಇವೆಯೇ ಎಂದರೆ, ಅವೂ ತೆಳುವಾಗಿವೆ. ಸತ್ತವರ ಆಸ್ತಿಯ ಮೇಲಿನ ಎಸ್ಟೇಟ್ ಸುಂಕ 1985ರಲ್ಲಿ ಹೋಯಿತು. 1957ರ ಸಂಪತ್ತು ತೆರಿಗೆಯನ್ನು 2015ರ ಬಜೆಟ್ ರದ್ದು ಮಾಡಿತು. ಹೆಚ್ಚು ವಸೂಲಾಗದ ತೆರಿಗೆಗಳು ನಿಜ, ಆದರೆ ಅವುಗಳ ಜೊತೆ ಆಸ್ತಿಯ ಘೋಷಣೆಗಳೂ ನಿಂತವು. ಈಗ ಹೆಚ್ಚು ಆದಾಯದವರು ಆದಾಯ ತೆರಿಗೆ ರಿಟರ್ನ್‌ನಲ್ಲಿ ಆಸ್ತಿ-ಸಾಲದ ಅನುಸೂಚಿ ತುಂಬಬೇಕು. ಅದರ ಮಿತಿಯೂ 50 ಲಕ್ಷದಿಂದ 1 ಕೋಟಿಗೆ ಏರಿದೆ. ಅಲ್ಲಿ ಬರೆಯಬೇಕಾದ್ದು ಕೊಂಡ ಬೆಲೆ: 10 ರೂಪಾಯಿಗೆ ಪಡೆದ ಷೇರು ಪೇಟೆಯಲ್ಲಿ 2,000 ಆಗಿದ್ದರೂ ಅನುಸೂಚಿಯಲ್ಲಿ 10 ರೂಪಾಯಿಯೇ.