ಕಣ್ಣೊಳಗಿನ ಗೊಂಚಲು

ನಂದಿಬೆಟ್ಟದ ಬುಡದ ದ್ರಾಕ್ಷಿ ತೋಟಕ್ಕೆ ಯಾವಾಗಲಾದರೂ ಹೋದರೆ ಗೊಂಚಲಿನ ಫೋಟೋ ತೆಗೆಯುವ ಮೊದಲು ಸುರುಳಿಗಳನ್ನು ನೋಡಿ. ತಂತಿ ಹಿಡಿದುಕೊಳ್ಳಲು ಬಳ್ಳಿ ಚಾಚುವ, ಹಳೇ ಲ್ಯಾಂಡ್‌ಲೈನ್ ಫೋನಿನ ವೈರಿನ ಹಾಗೆ ಸುತ್ತಿಕೊಂಡ ಹಸಿರು ಎಳೆ ಇರುತ್ತಲ್ಲ, ಅದು. ಶಾಲೆ ಪುಸ್ತಕದಲ್ಲಿ ಅದಕ್ಕೆ ಲತಾತಂತು ಅಂತ ಹೆಸರು. ಸ್ವಲ್ಪ ತಾಳ್ಮೆಯಿಂದ ಹುಡುಕಿದರೆ ಒಂದು ತಮಾಷೆ ಸಿಗುತ್ತದೆ. ಕೆಲವು ಸುರುಳಿಗಳು ಎರಡಾಗಿ ಕವಲೊಡೆದಿರುತ್ತವೆ. ಒಂದು ಕವಲು ತಂತಿಯನ್ನು ಗಟ್ಟಿಯಾಗಿ ಸುತ್ತಿಕೊಂಡಿರುತ್ತದೆ. ಇನ್ನೊಂದು ಕವಲಿನ ತುದಿಯಲ್ಲಿ ಎರಡೋ ಮೂರೋ ದ್ರಾಕ್ಷಿ ಕಾಯಿ ನೇತಾಡುತ್ತಿರುತ್ತವೆ.

ನನಗೆ ಇದನ್ನು ತೋರಿಸಿದ್ದು ತೋಟದಲ್ಲಿ ಕತ್ತರಿ ಹಿಡಿದು ನಿಂತಿದ್ದ ಒಬ್ಬ ಹಿರಿಯರು. "ಗೊಂಚಲಾಗಕ್ಕೆ ಹೊಂಟು ಅರ್ಧ ದಾರೀಲಿ ಮನಸ್ಸು ಬದಲಾಯಿಸ್ಬಿಟ್ಟೈತೆ ನೋಡಿ ಸಾ" ಅಂದರು. ಸಸ್ಯವಿಜ್ಞಾನಿಗಳು ಹೇಳುವುದೂ ಹೆಚ್ಚುಕಮ್ಮಿ ಇದನ್ನೇ. ದ್ರಾಕ್ಷಿ ಬಳ್ಳಿಯಲ್ಲಿ ಗೊಂಚಲು ಮತ್ತು ಸುರುಳಿ ಎರಡೂ ಹುಟ್ಟುವುದು ಒಂದೇ ಥರದ ಮೊಳಕೆಯಿಂದ. ಎಲೆಯ ಎದುರು ಬದಿಯಲ್ಲಿ, ಗೆಣ್ಣಿನ ಹತ್ತಿರ, ಏನಾಗಬೇಕೆಂದು ಇನ್ನೂ ತೀರ್ಮಾನಿಸದ ಒಂದು ಪುಟ್ಟ ಉಬ್ಬು ಮೂಡುತ್ತದೆ. ಅನುಕೂಲ ಇದ್ದರೆ ಗೊಂಚಲು. ಇಲ್ಲದಿದ್ದರೆ ಸುರುಳಿ.

ಸ್ವಂತ ತೋಟದ ಹಣ್ಣಿನಿಂದಲೇ ವೈನ್ ಮಾಡುವ ಕುಟುಂಬಕ್ಕೆ ಇಡೀ ವರ್ಷದ ಲೆಕ್ಕಾಚಾರ ನಿಂತಿರುವುದು ಈ ಉಬ್ಬಿನ ಮೇಲೆ.

ಇಲ್ಲಿ ಎರಡು ಪದದ ಗೊಂದಲ ಬಗೆಹರಿಸಿಬಿಡೋಣ. ನಮ್ಮಲ್ಲಿ 'ವೈನ್ಸ್' ಅಂತ ಬೋರ್ಡ್ ಹಾಕಿದ ಅಂಗಡಿಯಲ್ಲಿ ಎಲ್ಲಕ್ಕಿಂತ ಕಮ್ಮಿ ಮಾರಾಟವಾಗುವುದು ಬಹುಶಃ ವೈನೇ. 'ಎಸ್ಟೇಟ್' ಅಂದರೆ ನಮಗೆ ತಕ್ಷಣ ಚಿಕ್ಕಮಗಳೂರಿನ ಕಾಫಿ ತೋಟ ನೆನಪಾಗುತ್ತದೆ. ವೈನ್ ಲೋಕದಲ್ಲಿ ಎಸ್ಟೇಟ್ ಅಂದರೆ ಹಣ್ಣು ಬೆಳೆದವರೇ, ತಮ್ಮ ಜಾಗದಲ್ಲೇ ವೈನನ್ನೂ ಮಾಡುವುದು. ಹೊರಗಿನಿಂದ ಲಾರಿಯಲ್ಲಿ ದ್ರಾಕ್ಷಿ ತರಿಸುವ ಕಾರ್ಖಾನೆಗೆ ಒಂದು ತೋಟ ಕೈಕೊಟ್ಟರೆ ಇನ್ನೊಂದು ತೋಟ ಇದೆ. ಎಸ್ಟೇಟಿನವರಿಗೆ ಇರುವುದು ಅದೊಂದೇ.

ನಂದಿಯ ಬುಡದಲ್ಲಿ ಈ ಸಾಹಸಕ್ಕೆ ಕೈ ಹಾಕಿದ್ದು ಕನ್ವಲ್ ಗ್ರೋವರ್ ಎಂಬ ಮುಂಬೈ ಉದ್ಯಮಿ. ಫ್ರಾನ್ಸಿನ ವೈನ್ ರುಚಿ ಹತ್ತಿಸಿಕೊಂಡಿದ್ದ ಅವರು, ಅಲ್ಲಿನ ಶಾಂಪೇನ್ ಪ್ರಾಂತ್ಯದ ವೈನ್ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ ಭಾರತದ ಮಣ್ಣಿಗೆ ಯಾವ ಫ್ರೆಂಚ್ ತಳಿ ಹೊಂದುತ್ತದೆ ಎಂದು ವರ್ಷಗಟ್ಟಲೆ ಪರೀಕ್ಷೆ ಮಾಡಿದರು. 1988ರಲ್ಲಿ ದೊಡ್ಡಬಳ್ಳಾಪುರದ ಕಡೆ ತೋಟ ಶುರುವಾಯಿತು. 1992ರಲ್ಲಿ ಮೊದಲ ವೈನ್ ಬಂತು. ಮಗ ಕಪಿಲ್ ಗ್ರೋವರ್ ಕೂಡ ಕೈಜೋಡಿಸಿದರು. 2012ರಲ್ಲಿ ನಾಸಿಕ್ ಕಡೆಯ ಕಂಪನಿಯೊಂದರ ಜೊತೆ ಸೇರಿ ಅದು ಗ್ರೋವರ್ ಜಂಪಾ ಆಯಿತು. ಈಗ ಅದನ್ನು ಸಣ್ಣ ವೈನರಿ ಅನ್ನುವಂತಿಲ್ಲ. ಆದರೆ ಶುರುವಿನಲ್ಲಿ ಒಂದು ಕುಟುಂಬದ ಹಟವಾಗಿತ್ತು. ಸರ್ಕಾರ ರಾಜ್ಯಕ್ಕೆ ವೈನ್ ನೀತಿ ತಂದಿದ್ದು 2007ರಲ್ಲಿ, ಅಂದರೆ ಇವರ ಮೊದಲ ಬಾಟಲಿ ಬಂದು 15 ವರ್ಷ ಆದ ಮೇಲೆ.

ಹಟ ಅನ್ನಲು ಕಾರಣ ಇದೆ. ಪ್ರಪಂಚದ ಹೆಸರಾಂತ ವೈನ್ ಸೀಮೆಗಳೆಲ್ಲ ಸುಮಾರು 30ರಿಂದ 50 ಡಿಗ್ರಿ ಅಕ್ಷಾಂಶದ ನಡುವೆ ಇವೆ. ನಂದಿ ಇರುವುದು 13 ಡಿಗ್ರಿಯ ಹತ್ತಿರ. ಬಿಸಿಲು ಜಾಸ್ತಿ ಎನ್ನುವುದು ಅಷ್ಟು ದೊಡ್ಡ ತೊಂದರೆಯಲ್ಲ. ಚಳಿಗಾಲವೇ ಇಲ್ಲದಿರುವುದು ತೊಂದರೆ. ಯುರೋಪಿನಲ್ಲಿ ಬಳ್ಳಿ ನವೆಂಬರ್‌ ಹೊತ್ತಿಗೆ ಎಲೆ ಉದುರಿಸಿ ಮಲಗಿಬಿಡುತ್ತದೆ. ಕೊರೆಯುವ ಚಳಿಯನ್ನು ಕೆಲವು ವಾರ ಉಂಡ ಮೇಲೆ, ವಸಂತದಲ್ಲಿ ಎಲ್ಲ ಕಣ್ಣುಗಳೂ ಹೆಚ್ಚುಕಮ್ಮಿ ಒಟ್ಟಿಗೇ ತೆರೆಯುತ್ತವೆ. ಕಬ್ಬಿನ ಗೆಣ್ಣಿನ ಮೊಗ್ಗನ್ನು ಕಣ್ಣು ಅನ್ನುತ್ತೇವಲ್ಲ, ದ್ರಾಕ್ಷಿ ಕಡ್ಡಿಯಲ್ಲೂ ಅದು ಕಣ್ಣೇ. ನಮ್ಮಲ್ಲಿ ಬಳ್ಳಿ ಮಲಗುವುದೇ ಇಲ್ಲ. ಸುಮ್ನೆ ಬಿಟ್ಟರೆ ವರ್ಷವಿಡೀ ಹಬ್ಬುತ್ತಾ ಹೋಗುತ್ತದೆ. ತುದಿಯ ಕಣ್ಣು ಮಾತ್ರ ಚಿಗುರುತ್ತದೆ, ಕೆಳಗಿನವು ಮುಚ್ಚಿಕೊಂಡೇ ಇರುತ್ತವೆ. ತುದಿಯಿಂದ ಇಳಿಯುವ ಆಕ್ಸಿನ್ ಎಂಬ ಹಾರ್ಮೋನು ಅವುಗಳನ್ನು ಅದುಮಿ ಹಿಡಿಯುತ್ತದೆ.

ಹಾಗಾಗಿ ಇಲ್ಲಿ ಚಳಿಗಾಲದ ಕೆಲಸವನ್ನು ಕತ್ತರಿ ಮಾಡಬೇಕು. ವಿಜಯಪುರದ ಕಡೆಯವರು ಇದನ್ನು ಚಾಟ್ನಿ ಅನ್ನುತ್ತಾರೆ, ಈ ಕಡೆ ಪ್ರೂನಿಂಗ್ ಎಂದೇ ರೂಢಿ. ವರ್ಷಕ್ಕೆ ಎರಡು ಸಲ. ಏಪ್ರಿಲ್‌ನಲ್ಲಿ ಒಮ್ಮೆ ಪೂರ್ತಿ ಗಿಡ್ಡವಾಗಿ ಕತ್ತರಿಸುತ್ತಾರೆ. ಅದರಿಂದ ಬರುವ ಹೊಸ ಕಡ್ಡಿಗಳಿಂದ ಹಣ್ಣು ನಿರೀಕ್ಷಿಸುವುದಿಲ್ಲ. ಅವು ಬೆಳೆದು, ಬಲಿತು, ಕಂದು ಬಣ್ಣಕ್ಕೆ ತಿರುಗಬೇಕು, ಅಷ್ಟೇ. ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ ಎರಡನೇ ಕತ್ತರಿ. ಈ ಸಲ ಕಡ್ಡಿಯಲ್ಲಿ ಒಂದಷ್ಟು ಕಣ್ಣು ಉಳಿಸಿ ಕತ್ತರಿಸುತ್ತಾರೆ. ಅವು ಒಡೆದು, ಹೂವಾಗಿ, ಕಾಯಾಗಿ, ಚಳಿಗಾಲ ಮುಗಿಯುವ ಹೊತ್ತಿಗೆ ಹಣ್ಣಾಗುತ್ತವೆ.

ಈ ಎರಡು ಕತ್ತರಿಗಳ ನಡುವಿನ ತಿಂಗಳುಗಳು ನೋಡುವವರಿಗೆ ಬರೀ ಎಲೆ ಬೆಳೆಯುವ ಕಾಲ. ಆದರೆ ಏಪ್ರಿಲ್ ಕತ್ತರಿ ಆಗಿ ಸುಮಾರು 40 ದಿನ ಕಳೆದ ಮೇಲೆ ಕಣ್ಣೊಳಗೆ ತೀರ್ಮಾನ ಶುರುವಾಗುತ್ತದೆ. ಈಗಿನ ಕಣ್ಣನ್ನು ಬ್ಲೇಡಿನಿಂದ ಸೀಳಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಮುಂದಿನ ಫಸಲಿನ ಗೊಂಚಲು ಪುಟ್ಟ ಗಂಟಿನ ಹಾಗೆ ಕಾಣುತ್ತದೆ. ಬಿಸಿಲು ಚೆನ್ನಾಗಿ ಬಿದ್ದು, ಎಲೆಗಳು ಸಾಕಷ್ಟು ಆಹಾರ ಮಾಡಿ, ಬೇರಿನಿಂದ ಸೈಟೋಕೈನಿನ್ ಎಂಬ ಹಾರ್ಮೋನು ಬರುತ್ತಿದ್ದರೆ ಉಬ್ಬು ಗೊಂಚಲಿನ ದಾರಿ ಹಿಡಿಯುತ್ತದೆ. ಮೋಡ ಕವಿದರೆ, ಎಲೆಗಳು ಒಂದರ ಮೇಲೊಂದು ನೆರಳು ಹಾಕಿದರೆ ಸುರುಳಿಯ ಕಡೆ ವಾಲುತ್ತದೆ. ಅದಕ್ಕೇ ಮೇ ತಿಂಗಳಲ್ಲಿ ತೋಟದವರು ಹೆಚ್ಚಿನ ಚಿಗುರು ಕಿತ್ತು, ತುದಿ ಚಿವುಟಿ, ಪ್ರತಿ ಕಣ್ಣಿಗೂ ಬೆಳಕು ಬೀಳುವಂತೆ ನೋಡಿಕೊಳ್ಳುತ್ತಾರೆ. ಫೆಬ್ರವರಿಯಲ್ಲಿ ಕೊಯ್ಯುವ ಗೊಂಚಲಿನ ಬಸಿರು ನಿಲ್ಲುವುದು ಹಿಂದಿನ ಮೇ ತಿಂಗಳಲ್ಲಿ. ಒಂಬತ್ತು ತಿಂಗಳು, ಲೆಕ್ಕ ಸರಿಯಾಗಿದೆ ಅಲ್ವಾ?

ಸುರುಳಿಯ ಕಡೆ ಎಳೆಯುವುದು ಜಿಬ್ಬರೆಲಿನ್ ಎಂಬ ಇನ್ನೊಂದು ಹಾರ್ಮೋನು. ಇದು ಖಚಿತವಾದ ಕಥೆ ಚೆನ್ನಾಗಿದೆ. ವೆಸೆಲ್ ಅವರ ಶಾಂಪೇನ್ ಪ್ರಾಂತ್ಯದಲ್ಲಿ ಪೀನೋ ಮ್ಯೂನಿಯೇ ಎಂಬ ಕಪ್ಪು ದ್ರಾಕ್ಷಿ ಬೆಳೆಯುತ್ತಾರೆ. ಮ್ಯೂನಿಯೇ ಅಂದರೆ ಹಿಟ್ಟಿನ ಗಿರಣಿಯವನು. ಎಳೆ ಎಲೆಗಳ ಮೇಲೆ ಬಿಳಿ ಕೂದಲಿದ್ದು, ಹಿಟ್ಟು ಉದುರಿಸಿದಂತೆ ಕಾಣುವುದಕ್ಕೆ ಆ ಹೆಸರು. ಈ ಬಳ್ಳಿಯ ಹೊರಪದರದ ಜೀವಕೋಶಗಳಲ್ಲಿ ಒಂದು ಜೀನ್ ಬದಲಾಗಿದೆ, ಒಳಗಿನವು ಮಾಮೂಲಿ. ಆಸ್ಟ್ರೇಲಿಯಾದ ಪಾಲ್ ಬಾಸ್ ಮತ್ತು ಮಾರ್ಕ್ ಥಾಮಸ್ ಹೊರಪದರದ ಕೋಶಗಳಿಂದಲೇ ಇಡೀ ಗಿಡ ಬೆಳೆಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಂದದ್ದು ಒಂದು ಕುಳ್ಳ ಗಿಡ. ಸುರುಳಿ ಬರಬೇಕಾದ ಕಡೆಯಲ್ಲೆಲ್ಲ ಅದರಲ್ಲಿ ಗೊಂಚಲು! ಜಿಬ್ಬರೆಲಿನ್ ಕೊಡುವ ಸೂಚನೆ ಆ ಗಿಡಕ್ಕೆ ಕೇಳಿಸುತ್ತಿರಲಿಲ್ಲ. ಸುರುಳಿಯಾಗು ಎಂದು ಹೇಳುವವರಿಲ್ಲದೆ ಎಲ್ಲವೂ ಗೊಂಚಲಾಗಿದ್ದವು.

ವಿಜಯಪುರದ ಬೆಳೆಗಾರರಿಗೆ ಇದೇ ಜಿಬ್ಬರೆಲಿನ್ 'ಜಿಎ' ಎಂಬ ಹೆಸರಿನಲ್ಲಿ ಹಳೇ ಪರಿಚಯ. ಬೀಜವಿಲ್ಲದ ದ್ರಾಕ್ಷಿಯ ಕಾಯಿ ದಪ್ಪವಾಗಲಿ ಎಂದು ಗೊಂಚಲನ್ನು ಅದರ ದ್ರಾವಣದಲ್ಲಿ ಅದ್ದುತ್ತಾರೆ. ಕಣ್ಣೊಳಗೆ ಗೊಂಚಲಿಗೆ ಶತ್ರು, ಕಾಯಿ ಕಚ್ಚಿದ ಮೇಲೆ ಸ್ನೇಹಿತ. ವೈನ್ ತೋಟದವರಿಗೆ ಮಾತ್ರ ಕಾಯಿ ದಪ್ಪ ಆಗುವುದು ಬೇಡ. ಬಣ್ಣ, ಪರಿಮಳ, ಒಗರು ಹೆಚ್ಚಾಗಿ ಇರುವುದು ಸಿಪ್ಪೆಯಲ್ಲಿ. ಕಾಯಿ ಸಣ್ಣದಾದಷ್ಟೂ ರಸಕ್ಕೆ ಹೋಲಿಸಿದರೆ ಸಿಪ್ಪೆ ಜಾಸ್ತಿ. ತಟ್ಟೆಯಲ್ಲಿಟ್ಟು ತಿನ್ನಲು ಇಂಥ ದ್ರಾಕ್ಷಿ ಕೊಟ್ಟರೆ ಬರೀ ಬೀಜ, ಸಿಪ್ಪೆ ಎಂದು ನಾವು ಬೈಯುತ್ತೇವೆ.

ಅಕ್ಟೋಬರ್ ಕತ್ತರಿಯ ನಂತರ ಕಣ್ಣುಗಳು ಒಟ್ಟಿಗೆ ಒಡೆಯಲಿ ಎಂದು ಹಲವು ಕಡೆ ಹೈಡ್ರೋಜನ್ ಸಯನಮೈಡ್ ಎಂಬ ರಾಸಾಯನಿಕವನ್ನು ಬಟ್ಟೆ ಅಥವಾ ಸ್ಪಂಜಿನಿಂದ ಒಂದೊಂದೇ ಕಣ್ಣಿಗೆ ಹಚ್ಚುತ್ತಾರೆ. ಚಳಿ ಬಂದು ಹೋಯಿತು ಎಂದು ಬಳ್ಳಿಗೆ ಹೇಳುವ ಸುಳ್ಳು ಅದು. ಇದನ್ನು ಹಚ್ಚುವವರು ಆ ದಿನವೂ, ಅದರ ಹಿಂದೆಮುಂದೆ ಕೆಲವು ದಿನವೂ ಮದ್ಯ ಮುಟ್ಟಬಾರದು. ಕುಡಿದ ಆಲ್ಕೋಹಾಲು ದೇಹದಲ್ಲಿ ಮೊದಲು ಅಸಿಟಾಲ್ಡಿಹೈಡ್ ಆಗುತ್ತದೆ. ಅದನ್ನು ಮುಂದಕ್ಕೆ ಸಾಗಹಾಕುವ ಕಿಣ್ವವನ್ನು ಸಯನಮೈಡ್ ಕಟ್ಟಿಹಾಕುತ್ತದೆ. ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ ಪರಿಸ್ಥಿತಿ ಕೆಡಬಹುದು. ಇದೇ ಗುಣ ನೋಡಿ ಇದರ ಸಂಬಂಧಿ ರಾಸಾಯನಿಕವೊಂದನ್ನು ಕುಡಿತ ಬಿಡಿಸುವ ಔಷಧಿಯಾಗಿ ಬಳಸಿದ್ದೂ ಉಂಟು. ವೈನಿನ ಫಸಲಿಗೆ ಕಣ್ಣು ತೆರೆಸುವ ವಸ್ತು ವೈನ್ ಕುಡಿಯಲು ಬಿಡುವುದಿಲ್ಲ!

ಹಾಗಾದರೆ ನಂದಿ ಸೀಮೆಯಲ್ಲಿ ಗ್ರೋವರ್ ಬರುವುದಕ್ಕೂ ಮೊದಲು ದ್ರಾಕ್ಷಿ ಇರಲಿಲ್ಲವೇ? ಧಾರಾಳವಾಗಿತ್ತು. ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಲ್ಲುಕಂಬದ ಚಪ್ಪರಗಳಲ್ಲಿ ಬೆಂಗಳೂರು ಬ್ಲೂ ಬಹಳ ಕಾಲದಿಂದ ಇದೆ. ಅದರ ರಕ್ತದಲ್ಲಿ ಅಮೆರಿಕದ ಕಾಡು ದ್ರಾಕ್ಷಿಯ ಪಾಲಿದೆ. ಹಣ್ಣನ್ನು ತುಟಿಗಿಟ್ಟು ಒತ್ತಿದರೆ ತಿರುಳು ಗೋಲಿಯ ಹಾಗೆ ಬಾಯಿಗೆ ಹಾರಿ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ ಅಲ್ವಾ? ಅದು ಅಮೆರಿಕದ ಕಡೆಯಿಂದ ಬಂದ ಗುಣ. ದ್ರಾಕ್ಷಿ ಪೆಪ್ಪರ್‌ಮಿಂಟಿನ ಆ ಗಾಢ ವಾಸನೆಯೂ ಅಲ್ಲಿನದೇ, ಮೀಥೈಲ್ ಆಂಥ್ರನಿಲೇಟ್ ಎಂಬ ವಸ್ತುವಿನದು. ಯುರೋಪಿನ ವೈನ್ ಪಂಡಿತರಿಗೆ ಈ ವಾಸನೆ ಕಂಡರಾಗದು. ನನಗಂತೂ ದ್ರಾಕ್ಷಿ ಅಂದರೆ ಇದೇ ವಾಸನೆ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಕ್ರಿಸ್ಮಸ್ ವೈನ್ ಭರಣಿಯಲ್ಲಿ ಕೂರುವುದೂ ಈ ಹಣ್ಣಿನಿಂದಲೇ.

ಫ್ರೆಂಚ್ ತಳಿಗಳಿಗೆ ನಂದಿ ಒಗ್ಗಿದ್ದಕ್ಕೆ ಕಾರಣ ಎತ್ತರ. ತೋಟಗಳು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿವೆ. ಸಾವಿರ ಮೀಟರ್ ಏರಿದರೆ ಆರು ಡಿಗ್ರಿಯಷ್ಟು ತಂಪು. ಜನವರಿ ರಾತ್ರಿಗಳು 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತವೆ. ಹಣ್ಣಿನ ಹುಳಿಗೆ ಮುಖ್ಯವಾಗಿ ಎರಡು ಆಮ್ಲ ಕಾರಣ, ಟಾರ್ಟಾರಿಕ್ ಮತ್ತು ಮ್ಯಾಲಿಕ್. ಟಾರ್ಟಾರಿಕ್ ಗಟ್ಟಿ ಆಸಾಮಿ. ಮ್ಯಾಲಿಕ್ ಆಮ್ಲವನ್ನು ಮಾತ್ರ ಹಣ್ಣು ಉಸಿರಾಡುತ್ತಾ ಸುಟ್ಟುಬಿಡುತ್ತದೆ. ಸೆಕೆ ಹೆಚ್ಚಿದಷ್ಟೂ ಬೇಗ ಸುಡುತ್ತದೆ. ರಾತ್ರಿ ತಣ್ಣಗಿದ್ದರೆ ಹುಳಿ ಉಳಿಯುತ್ತದೆ, ಹಗಲಿನ ಬಿಸಿಲು ಸಕ್ಕರೆ ತುಂಬುತ್ತದೆ. ಹುಳಿ ಇಲ್ಲದ ವೈನ್ ಹುಣಸೆಹಣ್ಣು ಮರೆತ ಸಾರಿನಂತೆ ಚಪ್ಪೆ.

ಕೊಯ್ಲು ಬೆಳಗಿನ ಜಾವ. ಹಣ್ಣು ತಣ್ಣಗಿರುವಾಗಲೇ ಒಳಗೆ ಬರಬೇಕು. ತೋಟ, ವೈನರಿ ಒಂದೇ ಬೇಲಿಯೊಳಗಿದ್ದರೆ ಇದು ಕೆಲವು ನಿಮಿಷದ ಮಾತು. ಸಣ್ಣ ಎಸ್ಟೇಟಿನ ನಿಜವಾದ ಲಾಭ ಇದೇ ಅಂತ ನನ್ನ ಅನಿಸಿಕೆ, ಬಾಟಲಿ ಮೇಲಿನ ಮನೆತನದ ಹೆಸರಲ್ಲ. ಒಂದು ಹನಿ ರಸವನ್ನು ರಿಫ್ರ್ಯಾಕ್ಟೋಮೀಟರಿನ ಗಾಜಿನ ಮೇಲೆ ಬಿಟ್ಟು ಬೆಳಕಿಗೆ ಹಿಡಿದರೆ ಸಕ್ಕರೆಯ ಅಂಕಿ ಕಾಣುತ್ತದೆ. 24 ಬ್ರಿಕ್ಸ್ ಅಂದರೆ 100 ಗ್ರಾಂ ರಸದಲ್ಲಿ ಸುಮಾರು 24 ಗ್ರಾಂ ಸಕ್ಕರೆ. ಯೀಸ್ಟ್ ಅದನ್ನು ಪೂರ್ತಿ ತಿಂದರೆ ಆಲ್ಕೋಹಾಲು ಶೇಕಡಾ 13ರಿಂದ 14ರ ಹತ್ತಿರ ಬರುತ್ತದೆ.

ಯೀಸ್ಟ್ ತಿನ್ನುವ ಸಕ್ಕರೆಯಲ್ಲಿ ತೂಕದ ಲೆಕ್ಕದಲ್ಲಿ ಅರ್ಧದಷ್ಟು ಮಾತ್ರ ಆಲ್ಕೋಹಾಲು ಆಗುತ್ತದೆ. ಉಳಿದರ್ಧ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಒಂದು ಲೀಟರ್ ರಸದಿಂದ 50 ಲೀಟರಿಗೂ ಜಾಸ್ತಿ ಅನಿಲ! ಇದು ಗೊತ್ತಿಲ್ಲದೆ ನಾನೊಮ್ಮೆ ಮನೆಯಲ್ಲಿ ಬೆಂಗಳೂರು ಬ್ಲೂ ಹಿಂಡಿ, ಸಕ್ಕರೆ, ಯೀಸ್ಟ್ ಹಾಕಿ, ಬಾಟಲಿಗೆ ಬಿರಡೆ ಬಿಗಿದು ಅಟ್ಟದ ಮೇಲಿಟ್ಟಿದ್ದೆ. ಮೂರನೇ ರಾತ್ರಿ ಪಟಾಕಿ ಸದ್ದು. ಅಡುಗೆಮನೆ ಸೂರಿನ ನೇರಳೆ ಕಲೆ ಮುಂದಿನ ಸುಣ್ಣಬಣ್ಣದವರೆಗೂ ಇತ್ತು.

ವೈನರಿಯಲ್ಲಿ ಇದೇ ಅನಿಲ ಸಿಪ್ಪೆಗಳನ್ನೆಲ್ಲ ಮೇಲೆ ತಳ್ಳಿ ದಪ್ಪ ಕೆನೆ ಕಟ್ಟಿಸುತ್ತದೆ. ಕಪ್ಪು ದ್ರಾಕ್ಷಿಯ ರಸಕ್ಕೆ ಸಾಮಾನ್ಯವಾಗಿ ಬಣ್ಣ ಇರುವುದಿಲ್ಲ. ಬಣ್ಣ ಸಿಪ್ಪೆಯಿಂದ ಇಳಿಯಬೇಕು. ಹಾಗಾಗಿ ದಿನಕ್ಕೆರಡು ಮೂರು ಸಲ ಆ ಕೆನೆಯನ್ನು ರಸದೊಳಗೆ ಅದುಮುತ್ತಾರೆ. ಸಿಪ್ಪೆ, ಬೀಜದಿಂದ ಟ್ಯಾನಿನ್ ಕೂಡ ಇಳಿಯುತ್ತದೆ. ಅದು ನಮ್ಮ ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು ನಾಲಿಗೆಯ ಜಾರುತನ ಕಸಿಯುತ್ತದೆ. ಎಳೆ ಅಡಿಕೆ, ಕಾಯಿ ನೇರಳೆ ತಿಂದಾಗ ಬಾಯಿ ಒಗರಾಗುವುದೂ ಹೀಗೇ. ಯೀಸ್ಟ್ ಕೆಲಸ ಮಾಡುತ್ತಾ ಬಿಸಿಯೂ ಏರುತ್ತದೆ. 35 ಡಿಗ್ರಿ ದಾಟಿದರೆ ಯೀಸ್ಟ್ ಸೊರಗಿ, ಸಕ್ಕರೆ ಅರ್ಧಕ್ಕೇ ಉಳಿದುಬಿಡಬಹುದು. ಅದಕ್ಕೇ ಉಕ್ಕಿನ ಟ್ಯಾಂಕಿನ ಸುತ್ತ ತಣ್ಣೀರು ಹರಿಸುತ್ತಾರೆ. ಹಿಂಡಿ ಉಳಿದ ಸಿಪ್ಪೆ ಬೀಜ ಗೊಬ್ಬರವಾಗಿ ಬಳ್ಳಿ ಬುಡಕ್ಕೇ ವಾಪಸ್.

ನಾನು ಹೋದಾಗ ಕೊಯ್ಲು ಮುಗಿದು, ಏಪ್ರಿಲ್ ಕತ್ತರಿ ಬಿದ್ದಿತ್ತು. ಹಿಂದಿನ ಕಡ್ಡಿಗಳು ಸಾಲುಗಳ ನಡುವೆ ರಾಶಿ ಬಿದ್ದಿದ್ದವು. ಕತ್ತರಿಸಿದ ತುದಿಗಳಿಂದ ತೊಟ್ಟು ತೊಟ್ಟಾಗಿ ನೀರು ಇಳಿಯುತ್ತಿತ್ತು. ಬೇರು ಕೆಳಗಿನಿಂದ ಒತ್ತಿ ಕಳಿಸುವ ನೀರು ಅದು, ಕುಡಿಯಲು ಎಲೆಗಳಿಲ್ಲದೆ ಹೊರಗೆ ಬರುತ್ತದೆ. ಬೆರಳಿಗೆ ತಾಗಿಸಿ ನೆಕ್ಕಿದೆ. ಹೆಚ್ಚೇನೂ ರುಚಿ ಇಲ್ಲ. ಹನಿಯ ಪಕ್ಕದಲ್ಲೇ ಎಳ್ಳಿನ ಗಾತ್ರದ ಕಣ್ಣು.

"ಫಸಲು ಹೇಗಿರುತ್ತೆ ಈ ಸಲ?" ಅಂತ ಆ ಹಿರಿಯರನ್ನು ಕೇಳಿದೆ. ಅವರು ಕತ್ತರಿ ಮಡಚಿ ಬೆಟ್ಟದ ಕಡೆ ನೋಡಿದರು. "ಮೇ ತಿಂಗಳಲ್ಲಿ ಮೋಡ ಕಟ್ದೆ ಇದ್ರೆ ಸಾಕು ಸಾ."